ಗುಮ್ಮನಿಗೆ ನೆಗಡಿ

"ಇದು ಸತ್ತಿದೆ," ಎಂದರು ಇನ್ಸ್‌ಪೆಕ್ಟರ್.

ಬೆಂಚಿನ ಮೇಲೆ ಹಳೇ ಚೈನ್‌ಸಾ ಒಂದು ಬಿಚ್ಚಿಕೊಂಡು ಬಿದ್ದಿತ್ತು. ಅವರು ಪೆನ್ನಿನ ತುದಿಯಿಂದ ಅದರ ಸಿಲಿಂಡರನ್ನು ಹೊರಳಿಸಿ ಒಳಗೆ ಇಣುಕಿದರು. ಗೋಡೆಯ ಉದ್ದಕ್ಕೂ ಬೆಕ್ಕು ಪರಚಿದ ಹಾಗೆ ಗೆರೆ. ಪಿಸ್ಟನ್ನಿನ ಒಂದು ಪಕ್ಕ ಬಿಸಿಗೆ ಕರಗಿ, ಮೇಣ ಬಳಿದಂತೆ ರಿಂಗುಗಳನ್ನೇ ನುಂಗಿಕೊಂಡಿತ್ತು.

"ಸತ್ತಿದೆ ಸಾರ್. ಅದಕ್ಕೇ ತಂದಿದ್ದು," ಎಂದೆ.

"ಗುಜರಿಯಿಂದ ಹೆಣ ಹೊತ್ಕೊಂಡು ಬಂದು ಪೊಲೀಸರನ್ನ ಕರೆಸಿದ್ದೀಯ. ಯಾಕೆ, ಹೇಳು?"

ಹೇಳಬೇಕೆಂದುಕೊಂಡದ್ದೆಲ್ಲ ನಾಲಿಗೆಯ ಬುಡದಲ್ಲೇ ಕೂತಿತು. ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತಾ ನಿಂತೆ.

"ಮಾತು ಬರುತ್ತಾ ಇವಳಿಗೆ?" ಅವರು ಮಾವನ ಕಡೆ ತಿರುಗಿದರು.

"ಬರುತ್ತೆ ಸಾರ್. ಹೊಸಿಲು ದಾಟೋಕೆ ನಾಚಿಕೆ, ಅಷ್ಟೆ," ಎಂದ ಮಾವ, ವೈಸಿಗೆ ಬಿಗಿದಿದ್ದ ಕಬ್ಬಿಣಕ್ಕೆ ಅರ ಹಾಕುತ್ತಾ.

ಮಾವ ಎಂದರೆ ಅಮ್ಮನ ತಮ್ಮ. ಈ ರಿಪೇರಿ ಅಂಗಡಿ ಅವನದು. ಶಾಲೆ ಬಿಟ್ಟಂದಿನಿಂದ ನಾನೂ ಇಲ್ಲೇ. ನನ್ನನ್ನು ಇರುವೆ ಎಂದು ಕರೆಯುವವನು ಅವನೊಬ್ಬನೇ.

ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡು ಹೊರಟೇಬಿಟ್ಟರು. ಆಗ ಮಾತು ಹೊಸಿಲು ದಾಟಿತು.

"ಇಂಥ ಗರಗಸ ಇನ್ನೊಂದು ಬದುಕಿಲ್ಲ ಅಂತ ತಾನೆ ಸಾರ್, ನಮ್ಮಪ್ಪನ್ನ ಒಳಗೆ ಹಾಕಿರೋದು?"

ಅವರು ನಿಂತರು.

ಮರದ ಡಿಪೋದ ದೊಡ್ಡ ಶೆಡ್ಡಿನ ನಡುಗಂಬವನ್ನು ಯಾರೋ ಕೊಯ್ದು ಕೆಡವಿದ್ದರು. ಕೆಳಗೆ ಸಿಕ್ಕ ಕಾವಲುಗಾರ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕೊಯ್ದವರನ್ನು ಯಾರೂ ಕಂಡಿರಲಿಲ್ಲ. ಕೊಯ್ದ ಸದ್ದನ್ನು ಮಾತ್ರ ನಾಲ್ಕು ಜನ ಕೇಳಿದ್ದರು. ನಾಲ್ವರೂ ಒಂದೇ ಮಾತು ಹೇಳಿದ್ದರು: ಅದು ಗುಮ್ಮ.

ಗುಮ್ಮ ಅಂದರೆ ಅಪ್ಪನ ಗರಗಸ. ಈಗಿನ ಚೈನ್‌ಸಾಗಳು ಸೊಳ್ಳೆಯ ಹಾಗೆ ಕಿರುಗುಡುತ್ತವೆ. ಅದು ಎದೆಯ ಗೂಡಿನಿಂದ ಗುಂ ಎನ್ನುತ್ತದೆ. ಊಟ ಮಾಡದ ಮಕ್ಕಳಿಗೆ ತಾಯಂದಿರು "ಅಗೋ ಗುಮ್ಮ" ಎಂದು ಆ ಸದ್ದು ಕೇಳಿಸಿ ಹೆದರಿಸುತ್ತಿದ್ದರು. ಹಿಂದೊಂದು ಕಾಲಕ್ಕೆ ಡಿಪೋದವರು ಆ ಜಾತಿಯವನ್ನು ಹಲವು ತರಿಸಿದ್ದರು. ಕಂಪನಿ ಅದನ್ನು ನಿಲ್ಲಿಸಿತು, ಬಿಡಿಭಾಗ ಬರುವುದು ನಿಂತಿತು, ಒಂದೊಂದಾಗಿ ಗುಜರಿ ಸೇರಿದವು. ಓಡುತ್ತಿದ್ದದ್ದು ಅಪ್ಪನದೊಂದೇ.

ಮರ ಉರುಳಿ ಅಪ್ಪನ ಕಾಲು ಮುರಿದಾಗ ಡಿಪೋದ ಯಜಮಾನರು ಅವನನ್ನು ಕೆಲಸದಿಂದ ತೆಗೆದಿದ್ದರು. "ನಿನ್ನ ಶೆಡ್ಡು ಕುಸಿದು ಬೀಳಲಿ" ಎಂದು ಅಪ್ಪ ಗೇಟಿನಲ್ಲಿ ನಿಂತು ಕೂಗಿದ್ದನ್ನೂ ಊರು ಕೇಳಿತ್ತು. ಈಗ ಗುಮ್ಮ ಸ್ಟೇಷನ್ನಿನ ಕಪಾಟಿನಲ್ಲಿ ಸೀಲಾಗಿ ಕೂತಿತ್ತು, ಅಪ್ಪ ಅದರ ಎದುರಿನ ಕಂಬಿಯ ಹಿಂದೆ.

"ಪಾರ್ಟೇ ಸಿಗಲ್ಲ ಅಂದ್ಮೇಲೆ ಇನ್ನೊಂದು ಎಲ್ಲಿಂದ ಬದುಕುತ್ತೆ?" ಎಂದರು ಇನ್ಸ್‌ಪೆಕ್ಟರ್. "ಯಜಮಾನರು ಹೇಳಿದ್ರು, ಇಬ್ಬರು ಮೆಕ್ಯಾನಿಕ್‌ಗಳನ್ನ ನಾನೂ ಕೇಳಿದೆ."

"ನಾನು ಬದುಕಿಸ್ತೀನಿ."

ಮಾವನ ಅರ ನಿಂತಿತು.

"ಇದನ್ನಾ?"

"ಇದನ್ನೇ. ನಾಳೆ ಮಧ್ಯಾಹ್ನ ಆ ನಾಲ್ಕು ಜನರನ್ನೂ ಕರ್ಕೊಂಡು ಬನ್ನಿ. ಗೋಡೆ ಆಚೆ ನಿಲ್ಸಿ. ಇದು ಕೂಗುತ್ತೆ. ಅವರು ಇದನ್ನೂ ಗುಮ್ಮ ಅಂದ್ರೆ, ಅವತ್ತು ಕೂಗಿದ್ದು ನಮ್ಮಪ್ಪಂದೇ ಅಂತ ಹೇಗೆ ಹೇಳ್ತೀರಿ?"

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ. ಆದರೆ ಹಿಂದೆ ಸರಿಯಲಿಲ್ಲ.

"ನಾಳೆ ಸಂಜೆ ನಿಮ್ಮಪ್ಪನ್ನ ಜಡ್ಜ್ ಮುಂದೆ ನಿಲ್ಲಿಸ್ಬೇಕು. ಅದಕ್ಕೆ ಮುಂಚೆ ಬರ್ತೀನಿ. ಇದು ಕೂಗಿದ್ರೆ, ಕೂಗಿತು ಅಂತ ಬರೀತೀನಿ. ಕೂಗದಿದ್ರೆ ನನ್ನ ಹತ್ರ ಬೇರೆ ಮಾತಿಲ್ಲ." ಬಾಗಿಲಲ್ಲಿ ತಿರುಗಿ ಇನ್ನೊಂದು ಮಾತು ಸೇರಿಸಿದರು. "ನಿಮ್ಮಪ್ಪ ಹೌದು ಅಂತಲೂ ಅನ್ನಲ್ಲ, ಇಲ್ಲ ಅಂತಲೂ ಅನ್ನಲ್ಲ. ತಪ್ಪು ಮಾಡದವರು ಹೀಗೆ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂರಲ್ಲಮ್ಮ."

"ನಮ್ಮನೇಲಿ ಎಲ್ಲರಿಗೂ ಅದೇ ಕಾಯಿಲೆ ಸಾರ್," ಎಂದೆ.

ಜೀಪು ಹೊರಟಿತು. ನಾನು ಜೇಬಿಗೆ ಕೈ ಹಾಕಿ ಬೋಲ್ಟನ್ನು ಮುಟ್ಟಿ ನೋಡಿಕೊಂಡೆ.

ಕೊಯ್ದ ಕಂಬದ ಬುಡದಲ್ಲಿ, ಮರದ ಹೊಟ್ಟಿನೊಳಗೆ ಅದು ನನಗೆ ಸಿಕ್ಕಿತ್ತು. ಉದ್ದನೆಯ ಸಣ್ಣ ಬೋಲ್ಟು. ಅದರ ಕುತ್ತಿಗೆಗೆ ತಾಮ್ರದ ಕೊಳವೆಯ ತುಂಡೊಂದು ಉಂಗುರದಂತೆ ಕೂತಿತ್ತು. ಉಂಗುರದ ಒಂದು ಪಕ್ಕ ಉಜ್ಜಿ ಚಪ್ಪಟೆ ಮಾಡಿದ್ದು, ಅಂಚಿನಲ್ಲಿ ಮೂರು ಸಣ್ಣ ಕಚ್ಚು. ಮೈತುಂಬ ಹೊಗೆಯ ಮಸಿ. ಅಲ್ಲೇ, ಬಾಯಿ ಬಿಡದೆ ಮುಂದೆ ಹಿಡಿದಾಗ ಇನ್ಸ್‌ಪೆಕ್ಟರ್, "ಡಿಪೋದಲ್ಲಿ ಬೋಲ್ಟು ಸಿಗದೆ ಬಾಚಣಿಗೆ ಸಿಗುತ್ತಾ?" ಎಂದಿದ್ದರು.

ಇನ್ನೊಂದು ವಿಷಯವನ್ನೂ ಅವರು ನಕ್ಕು ಬಿಟ್ಟಿದ್ದರು. ನಾಲ್ಕು ಸಾಕ್ಷಿಗಳಲ್ಲಿ ಬೇಕರಿಯವರು ಒಂದು ಮಾತು ಹೆಚ್ಚಿಗೆ ಹೇಳಿದ್ದರು. "ಗುಮ್ಮನೇ ಸಾರ್. ಆದ್ರೆ ಅವತ್ತು ಅದಕ್ಕೆ ನೆಗಡಿಯಾದ ಹಾಗಿತ್ತು. ಗುಂ ಅನ್ನೋದರ ಜೊತೆಗೆ ಸುಂಯ್ ಅಂತಾನೂ ಅಂತಿತ್ತು."

ಅಪ್ಪನ ಗುಮ್ಮನಿಗೆ ನನ್ನ ಜೀವಮಾನದಲ್ಲಿ ನೆಗಡಿಯಾಗಿದ್ದನ್ನು ನಾನು ಕೇಳಿಲ್ಲ.

"ಇರುವೆ," ಎಂದ ಮಾವ. "ಬೆಟ್ಟ ಹೊರೋಕೆ ಹೊರಟಿದ್ದೀಯ. ಈ ಸಿಲಿಂಡರು ಎಲ್ಲೂ ಸಿಗಲ್ಲ ಕಣೇ."

"ಇದೇ ಬೇಕು ಅಂತ ಯಾರು ಹೇಳಿದ್ರು? ಇಲ್ಲಿ ಕೂರೋದು ಸಿಕ್ಕರೆ ಸಾಕು."

"ಕೂರೋದು ಯಾವುದು?"

ನಾನು ಗೋಡೆಯ ಕಡೆ ನೋಡಿದೆ. ಮಾವ ಯಾವ ಎಂಜಿನ್ ಬಿಚ್ಚಿದರೂ ಸಿಲಿಂಡರಿನ ಬುಡಕ್ಕೆ ಹಾಸುವ ಹಳೇ ಗ್ಯಾಸ್ಕೆಟ್ಟನ್ನು ಎಸೆಯುವುದಿಲ್ಲ. ಅಳತೆಗೆ ಬೇಕಾಗುತ್ತದೆಂದು ಮೊಳೆಗೆ ನೇತುಹಾಕುತ್ತಾನೆ. ಒಂದೊಂದನ್ನೇ ತೆಗೆದು ಗರಗಸದಲ್ಲಿ ಸಿಲಿಂಡರು ಕೂರುವ ಜಾಗದ ಮೇಲಿಟ್ಟು ನೋಡುತ್ತಾ ಹೋದೆ. ಕೈಯೆಲ್ಲ ಧೂಳಾಯಿತು. ಒಂದು ಮಾತ್ರ ತಟ್ಟನೆ ಕೂತಿತು, ಡಬ್ಬಿಗೆ ಮುಚ್ಚಳ ಕೂತ ಹಾಗೆ. ನಾಲ್ಕು ತೂತಿಗೆ ನಾಲ್ಕು ತೂತು.

"ಇದು ರಸ್ತೆ ಕೆಲಸದವರು ತಂದಿದ್ದ ಕಾಂಕ್ರೀಟ್ ಕೊಯ್ಯೋ ಮೆಷಿನ್ನಿಂದು ಅಲ್ವಾ ಮಾವ?"

ಮಾವ ವೈಸಿನ ಕಡೆ ತಿರುಗಿಕೊಂಡ. ಆ ಗ್ಯಾಸ್ಕೆಟ್ಟಿನ ಮೇಲೆ ಧೂಳಿರಲಿಲ್ಲ. ಅದನ್ನು ನೋಡಿದೆ. ನೋಡಿ, ಮರೆತೆ. ಖುಷಿಯಲ್ಲಿದ್ದೆ.

*

ಹಳೇ ಎಂಜಿನ್ ಪಾರ್ಟುಗಳ ಗಲ್ಲಿಯಲ್ಲಿ ಕೊನೆಯ ಅಂಗಡಿ ಅವನದು. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಗಲ್ಲಿಯವರೆಲ್ಲ ಇಲ್ಲಪ್ಪ ಎನ್ನುತ್ತಾರೆ.

"ಇಲ್ಲ," ಎಂದ ನನ್ನನ್ನು ನೋಡುತ್ತಲೇ.

"ನಾನಿನ್ನೂ ಏನೂ ಕೇಳಿಲ್ಲ."

"ಕೇಳಿದ್ಮೇಲೂ ಅದೇ ತಾನೆ ಹೇಳೋದು. ಮೊದಲೇ ಹೇಳಿದ್ರೆ ಇಬ್ಬರಿಗೂ ಕೆಲಸ ಉಳೀತು."

ಕರಗಿದ ಪಿಸ್ಟನ್ನನ್ನು ಗಲ್ಲಾದ ಮೇಲಿಟ್ಟೆ. ಅವನು ಹೆಬ್ಬೆರಳಿನಿಂದ ಅದರ ನೆತ್ತಿ ಸವರಿ, ತೀರಿಹೋದವರ ಫೋಟೋ ನೋಡಿದ ಹಾಗೆ ತಲೆ ಆಡಿಸಿದ.

"ಇದನ್ನ ಮಾಡಿದ ಕಂಪನಿಯವರೇ ಮರೆತಿದಾರೆ. ಇಲ್ಲ."

"ಇದು ಬೇಡ. ಕಾಂಕ್ರೀಟ್ ಕೊಯ್ಯೋ ಮೆಷಿನ್ನಿನ ಸಿಲಿಂಡರು, ಪಿಸ್ಟನ್ನು, ರಿಂಗು. ಹಳೇ ಮಾಡಲ್ಲು. ಪಿನ್ನು ಇದೇ ಅಳತೆ ಇರ್ಬೇಕು."

ಇಲ್ಲಪ್ಪನ ಬಾಯಿ ಇಲ್ಲ ಎನ್ನಲು ಹೊರಟು ಅರ್ಧಕ್ಕೇ ನಿಂತಿತು.

"ಇದಕ್ಕೆ ಅದು ಕೂರುತ್ತೆ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ಇಟ್ಟು ನೋಡಿದೆ."

"ಹೋದ ಸಲ ಬಂದವರೂ ಯಾರೂ ಇಲ್ಲ ಅಂತಲೇ ಅಂದ್ರು."

ಗಲ್ಲಿಯಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದರು. ನಾನು ಗಲ್ಲಾದ ಮೇಲೆ ಬಾಗಿದೆ.

"ಹೋದ ಸಲ ಯಾರು ಬಂದಿದ್ರು?"

"ನಾನು ಪಾರ್ಟು ಮಾರೋನು, ಪಂಚಾಂಗ ಹೇಳೋನಲ್ಲ."

"ಇಲ್ಲಪ್ಪಣ್ಣ, ನಮ್ಮಪ್ಪ ಲಾಕಪ್ಪಲ್ಲಿದಾನೆ."

"ಗೊತ್ತು," ಎಂದ. ದನಿ ಕೆಳಗಿಳಿಯಿತು. "ಗುಮ್ಮಂಗೆ ಚೈನು ಕೊಟ್ಟೋನು ನಾನೇ ಅಲ್ವಾ. ನೋಡು, ಮುಖ ಕಾಣಲಿಲ್ಲ. ಈ ಗಲ್ಲಿ ಧೂಳಿಗೆ ಅರ್ಧ ಗಿರಾಕಿಗಳು ಮೂಗು ಬಾಯಿಗೆ ಬಟ್ಟೆ ಕಟ್ಕೊಂಡೇ ಬರ್ತಾರೆ. ಮೇಲೊಂದು ದೊಡ್ಡ ರೇನ್‌ಕೋಟು. ಹಳೇ ಪಿಸ್ಟನ್ನು ಇಟ್ರು, ಕಾಂಕ್ರೀಟ್ ಮೆಷಿನ್ ಸೆಟ್ಟು ಬೇಕು ಅಂದ್ರು, ತಗೊಂಡ್ರು, ಹೋದ್ರು. ಒಂದೇ ಒಂದು ವಿಷ್ಯ ನೆನಪಿದೆ. ರಿಂಗನ್ನ ಕಿವಿ ಹತ್ರ ಹಿಡಿದು ಉಗುರಲ್ಲಿ ಮೀಟಿದ್ರು. ಟಿಣ್ ಅಂತು. ಆಮೇಲೇ ಚೀಲಕ್ಕೆ ಹಾಕಿದ್ದು."

ಬಿರುಕು ಬಿಟ್ಟ ರಿಂಗು ಟಿಣ್ ಎನ್ನುವುದಿಲ್ಲ, ಟಕ್ ಎನ್ನುತ್ತದೆ. ರಿಂಗನ್ನು ಮೀಟಿ ನೋಡದೆ ಕೂರಿಸಬೇಡ ಎಂದು ನನಗೆ ಹೇಳಿಕೊಟ್ಟವನು ಮಾವ.

"ನಮ್ಮ ಮಾವನಾ?" ಎಂದು ಕೇಳಿಯೇಬಿಟ್ಟೆ.

"ನಿಮ್ಮ ಮಾವನ್ನ ನಾನು ನೋಡಿಲ್ವಾ? ಆ ಹೊಟ್ಟೆನ ರೇನ್‌ಕೋಟಲ್ಲಿ ಮುಚ್ಚೋಕಾಗುತ್ತಾ? ಅವನಲ್ಲ."

ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ನಗುವೇ ಬಂತು.

ಇಲ್ಲಪ್ಪ ಅಟ್ಟ ಹತ್ತಿ, ಕೆಮ್ಮಿ, ಬೈದು, ಕೊನೆಗೆ ಒಂದು ಪೆಟ್ಟಿಗೆ ಇಳಿಸಿದ. ಬದಲಿಗೆ ನಾನು ತಂದಿದ್ದ ಪಂಪಿನ ಕಾರ್ಬರೇಟರ್ ಕೊಟ್ಟೆ. ಅವನು ಅದನ್ನು ಮೂಸಿ ನೋಡಿ ಒಪ್ಪಿಕೊಂಡ.

"ಇದೇ ಕೊನೇದು," ಎಂದ. "ಮುಂದಿನ ಸಲ ನಿಜವಾಗ್ಲೂ ಇಲ್ಲ."

*

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಕೆಲಸಕ್ಕೆ ಕೂತೆ.

ಹೊಸ ಪಿಸ್ಟನ್ನಿಗೆ ಎಣ್ಣೆ ಸವರಿ, ತಲೆಯ ಮೇಲಿನ ಬಾಣದ ಗುರುತು ಹೊಗೆ ಹೋಗುವ ಕಡೆಗೆ ತಿರುಗಿಸಿದೆ. ರಿಂಗುಗಳನ್ನು ಮೀಟಿ ನೋಡಿದೆ. ಟಿಣ್. ಉಗುರಿನಿಂದ ಅವನ್ನು ಒಳಕ್ಕೆ ಒತ್ತಿ ಹಿಡಿದು ಸಿಲಿಂಡರನ್ನು ಮೇಲಿನಿಂದ ಇಳಿಸಿದೆ. ಒಮ್ಮೆ ಸಿಕ್ಕಿಕೊಂಡಿತು. ಬಲ ಹಾಕಲಿಲ್ಲ. ಮಲಗಿರುವ ಮಗುವಿನ ತೋಳಿಗೆ ಅಂಗಿ ಹಾಕುವ ಹಾಗೆ ಸ್ವಲ್ಪ ಆಚೆ, ಸ್ವಲ್ಪ ಈಚೆ. ಜಾರಿ ಕೂತಿತು.

ಪ್ಲಗ್ಗಿನ ತೂತಿನಿಂದ ಮೆತ್ತನೆಯ ಬೆಸುಗೆ ತಂತಿ ಇಳಿಬಿಟ್ಟು ಒಂದು ಸುತ್ತು ತಿರುಗಿಸಿದೆ. ತಂತಿ ಚಪ್ಪಟೆಯಾಗಿ ಹೊರಬಂತು. ಪಿಸ್ಟನ್ನಿನ ತಲೆ ಮೇಲೆ ತಾಗುತ್ತಿಲ್ಲ, ಜಾಗವೂ ಹೆಚ್ಚಿಲ್ಲ.

"ಎದ್ದು ಕೂರುತ್ತಾ ಇದು?"

ಅಮ್ಮ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಅಪ್ಪನನ್ನು ಕರೆದುಕೊಂಡು ಹೋದ ಮೇಲೆ ಅವಳು ಒಮ್ಮೆಯೂ ಸ್ಟೇಷನ್ ಕಡೆ ಹೋಗಿರಲಿಲ್ಲ. ಅಳಲೂ ಇಲ್ಲ. ಮನೆಯ ಎಲ್ಲ ಪಾತ್ರೆಗಳನ್ನೂ ತೊಳೆದಿದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

"ಕೂರಿಸ್ತೀನಿ."

"ಎಷ್ಟು ಹೊತ್ತಿಗೆ ಬರ್ತಾರೆ ಅವರು?"

"ಮಧ್ಯಾಹ್ನ."

"ನಾಲ್ಕೂ ಜನ ಬರ್ತಾರಾ?"

"ಬರ್ತಾರಂತೆ."

ಅವಳು ಗರಗಸದ ಮೈ ಸವರಿದಳು. ಮೊದಲೆಲ್ಲ ಅಪ್ಪ ಹಿತ್ತಿಲಲ್ಲಿ ಕೂತು ಕಾರ್ಬರೇಟರಿನ ಸ್ಕ್ರೂ ತಿರುಗಿಸುತ್ತಿದ್ದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಒಳಗಿನಿಂದ ಅಮ್ಮ "ಸಾಕು" ಎಂದಾಗ ನಿಲ್ಲಿಸುತ್ತಿದ್ದ. ಸ್ಕ್ರೂಡ್ರೈವರ್ ನಂದು, ಕಿವಿ ಅವಳದು ಎನ್ನುತ್ತಿದ್ದ.

"ಅಕ್ಕ, ನೀನು ಮನೆಗೆ ಹೋಗು," ಎಂದ ಮಾವ, ಒಳಗಿನಿಂದ. ದನಿ ಯಾಕೋ ಗಡುಸಾಗಿತ್ತು.

"ಹೋಗ್ತೀನಿ ಕಣೋ. ನಿನ್ನ ಅಂಗಡೀಲಿ ಮನೆ ಮಾಡ್ತೀನಾ?" ಅಮ್ಮ ಬೆಂಚಿನ ಮೇಲಿದ್ದ ನನ್ನ ಟೀ ಲೋಟವನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ಮೀಟಿದಳು. "ಬಿರುಕು ಬಿಟ್ಟಿದೆ. ಇದರಲ್ಲಿ ಕುಡೀಬೇಡ." ಅದನ್ನು ಕಸದ ಡಬ್ಬಕ್ಕೆ ಹಾಕಿ, ನನ್ನ ಕಡೆ ತಿರುಗದೆಯೇ ಹೇಳಿದಳು. "ಕೂಗಿದ್ರೆ ಇಡೀ ಊರಿಗೆ ಕೇಳ್ಬೇಕು. ಅರ್ಧಂಬರ್ಧ ಬೇಡ."

ಹೋದಳು. ನಾನು ಸೈಲೆನ್ಸರ್ ಕೈಗೆತ್ತಿಕೊಂಡೆ.

ಅದು ಕೂರಲಿಲ್ಲ.

ಬೋಲ್ಟು ಹಾಕುವ ಕಿವಿಗಳಲ್ಲಿ ಕೆಳಗಿನದು ಸರಿಯಾಗಿ ಕೂತಿತು. ಮೇಲಿನ ಕಿವಿಯ ಹತ್ತಿರ ಕಿರುಬೆರಳ ಉಗುರಿನಷ್ಟು ಅಗಲದ ಸಂದು. ಕಾಂಕ್ರೀಟ್ ಮೆಷಿನ್ನಿನ ಸಿಲಿಂಡರು ಅಲ್ಲಿ ಸ್ವಲ್ಪ ಒಳಸರಿದಿತ್ತು. ಹಾಗೇ ಬಿಗಿದರೆ ಕಿವಿ ಮುರಿಯುತ್ತದೆ. ಬಿಗಿಯದಿದ್ದರೆ ಸಂದಿನಿಂದ ಹೊಗೆ ನುಗ್ಗಿ ಸುಂಯ್ ಎನ್ನುತ್ತದೆ.

ಸುಂಯ್.

ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಉದ್ದನೆಯ ಬೋಲ್ಟು. ಸಂದು ತುಂಬುವ ತಾಮ್ರದ ಉಂಗುರ. ಅವತ್ತು ಕೂಗಿದ್ದು ಅಪ್ಪನ ಗುಮ್ಮನಲ್ಲ. ಅದರ ಸಿಲಿಂಡರು ಹುಟ್ಟಿನದೇ, ಅದಕ್ಕೆ ಉಂಗುರ ಬೇಕಿಲ್ಲ. ಇದೇ ಥರ ಬೇರೆ ಸಿಲಿಂಡರು ಕೂರಿಸಿ ಎಬ್ಬಿಸಿದ ಇನ್ನೊಂದು ಗರಗಸ ಅದು. ಕೊಯ್ಯುವಾಗ ಅದುರಿ ಬೋಲ್ಟು ಉದುರಿತು, ನೆಗಡಿ ಹಿಡಿಯಿತು. ಬೇಕರಿಯವರ ಕಿವಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

"ಮಾವ, ಸೈಲೆನ್ಸರ್ ಸಂದು ಬಿಡ್ತಿದೆ," ಎಂದು ಕೂಗಿದೆ.

ಮಾವ ಬಂದ. ಒಮ್ಮೆ ನೋಡಿದ. ತಗಡಿನ ಡಬ್ಬದಲ್ಲಿ ಕೈಯಾಡಿಸಿ ಫ್ರಿಜ್ಜಿನ ಹಳೇ ತಾಮ್ರದ ಕೊಳವೆ ತೆಗೆದ. ಕಬ್ಬಿಣ ಕೊಯ್ಯುವ ಕೈಬ್ಲೇಡಿನಿಂದ ಒಂದು ತುಂಡು ಕತ್ತರಿಸಿದ. ವೈಸಿಗೆ ಸಿಕ್ಕಿಸಿ ಒಂದು ಪಕ್ಕಕ್ಕೆ ಅರ ಹಾಕಿ ಚಪ್ಪಟೆ ಮಾಡಿದ. ಆಮೇಲೆ ಅರದ ಅಂಚಿನಿಂದ ತುದಿಗೆ ಮೂರು ಕಚ್ಚು ಹಾಕಿದ. ಟಕ್, ಟಕ್, ಟಕ್.

ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ತಲೆ ಬೇರೆಲ್ಲೋ ಇತ್ತು.

"ಈ ಕಚ್ಚು ಯಾಕೆ ಮಾವ?" ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

"ಉಂಗುರ ತಿರುಗಬಾರದು. ಹಲ್ಲಿದ್ರೆ ಕಚ್ಕೊಂಡು ಕೂರುತ್ತೆ."

"ಒಂದು ಪಕ್ಕ ಉಜ್ಜಿದ್ದು?"

"ಸಿಲಿಂಡರಿನ ಬಿಸಿ ಆರಿಸೋ ರೆಕ್ಕೆಗೆ ತಗಲುತ್ತಲ್ಲ. ಬೇರೆಯವರಾಗಿದ್ರೆ ರೆಕ್ಕೆನೇ ಉಜ್ಜಿಬಿಡ್ತಾರೆ. ಎರಕಕ್ಕೆ ಅರ ಹಾಕಬಾರದು ಇರುವೆ. ಅದು ಹುಟ್ಟಿ ಬಂದದ್ದು. ನಾವು ಮಾಡಿದ್ದನ್ನ ನಾವು ಉಜ್ಜಬೇಕು."

"ಅದು ಸರಿ. ಆದ್ರೆ ರೆಕ್ಕೆಗೆ ತಗಲುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು? ನೀನಿನ್ನೂ ಕೂರಿಸಿಯೇ ನೋಡಿಲ್ವಲ್ಲ."

ಅರ ಅವನ ಕೈಯಲ್ಲೇ ನಿಂತಿತು.

ನಾನು ಜೇಬಿನಿಂದ ಬೋಲ್ಟು ತೆಗೆದು ಅವನು ಮಾಡಿದ ಉಂಗುರದ ಪಕ್ಕದಲ್ಲಿಟ್ಟೆ. ಒಂದಕ್ಕೆ ಮಸಿ, ಇನ್ನೊಂದಕ್ಕೆ ಹೊಳಪು. ಅಷ್ಟು ಬಿಟ್ಟರೆ ಎರಡೂ ಒಂದೇ ತಾಯಿಯ ಮಕ್ಕಳು.

"ಎಲ್ಲಿತ್ತು ಇದು?"

"ಕಂಬದ ಬುಡದಲ್ಲಿ."

ಮಾವ ಸ್ಟೂಲಿನ ಮೇಲೆ ಕುಸಿದ. "ಕೊಡು ಅದನ್ನ."

"ಕೊಡಲ್ಲ."

"ಇರುವೆ, ಹಟ ಮಾಡಬೇಡ."

"ಹಟಾನೇ ಮಾಡ್ತಿರೋದು." ಬೋಲ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. "ಇನ್ನೊಂದು ಗರಗಸ ಎಬ್ಬಿಸಿದ್ದು ನೀನು. ನಿನ್ನೆಯಿಂದ ನನ್ನ ಪಕ್ಕ ನಿಂತು, ಸಿಗಲ್ಲ, ಕೂರಲ್ಲ, ಆಗಲ್ಲ ಅಂತ ಹೇಳ್ತಿದ್ದೀಯ. ಕಂಬ ಕೊಯ್ದದ್ದು ನೀನಾ?"

"ಅಲ್ಲ. ಎಬ್ಬಿಸಿಕೊಟ್ಟೆ, ಅಷ್ಟೆ. ಯಾಕೆ ಅಂತ ಕೇಳ್ಲಿಲ್ಲ. ಕೇಳ್ಬೇಕಿತ್ತು."

"ಯಾರಿಗೆ ಕೊಟ್ಟೆ?"

"ಕೇಳಬೇಡ."

"ಅಲ್ಲಿ ನಮ್ಮಪ್ಪ ಇದೇನೂ ಗೊತ್ತಿಲ್ದೆ ಕಂಬಿ ಹಿಂದೆ ಕೂತಿದಾನೆ!"

"ಗೊತ್ತಿಲ್ದೆ ಅಂತ ಯಾರು ಹೇಳಿದ್ರು ನಿನಗೆ?"

ಬೀದಿಯಲ್ಲಿ ಸೈಕಲ್ಲಿನ ಬೆಲ್ಲು ಕೇಳಿಸಿತು. ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಭಾವನಿಗೆ ಎಲ್ಲ ಗೊತ್ತು," ಎಂದ ಮಾವ. "ಪೊಲೀಸರು ಬಾಗಿಲು ತಟ್ಟಿದಾಗ ಅವನೇ ಅಂದಿದ್ದು. ನಾನು ಹೋಗ್ತೀನಿ, ನೀವು ಯಾರೂ ಬಾಯಿ ಬಿಡಬೇಡಿ ಅಂತ. ಅದಕ್ಕೇ ಹೌದು ಅನ್ನಲ್ಲ, ಇಲ್ಲ ಅನ್ನಲ್ಲ." ಅವನು ಕೈ ಚಾಚಿದ. "ನೋಡು ಇರುವೆ. ನಿನ್ನ ಗರಗಸ ಕೂಗುತ್ತೆ. ಚೆನ್ನಾಗಿ ಕಟ್ಟಿದ್ದೀಯ, ಕೂಗೇ ಕೂಗುತ್ತೆ. ಸಾಕ್ಷಿಗಳು ತಬ್ಬಿಬ್ಬಾಗ್ತಾರೆ, ಭಾವ ಮನೆಗೆ ಬರ್ತಾನೆ. ಅಷ್ಟಕ್ಕೇ ಬಿಡು. ಆ ಬೋಲ್ಟನ್ನ ಚರಂಡಿಗೆ ಹಾಕು. ಮನೆ ಉಳಿಯುತ್ತೆ."

ಒಂದು ಗಳಿಗೆ ಚರಂಡಿಯ ಕಡೆ ನೋಡಿದೆ. ಸುಳ್ಳು ಹೇಳುವುದಿಲ್ಲ, ನೋಡಿದೆ. ಅಂಗಡಿಯ ಮುಂದೆಯೇ ಹರಿಯುತ್ತದೆ. ಕೈ ಬಿಟ್ಟರೆ ಸಾಕು.

"ಆಸ್ಪತ್ರೇಲಿ ಮಲಗಿರೋನಿಗೂ ಒಂದು ಮನೆ ಇದೆ ಮಾವ," ಎಂದೆ. "ಅಪ್ಪ ಬರ್ಬೇಕು. ಆದ್ರೆ ಯಾರೋ ತಬ್ಬಿಬ್ಬಾಗಿದಾರೆ ಅಂತ ಬರೋದು ಬೇಡ. ಅವನಲ್ಲ ಅಂತ ಗೊತ್ತಾಗಿ ಬರಲಿ. ನಾನು ಇದನ್ನ ಕೊಡಲ್ಲ. ನಿನಗೂ ಇಲ್ಲ, ಚರಂಡಿಗೂ ಇಲ್ಲ."

ಹೊರಗೆ ಜೀಪು ನಿಂತ ಸದ್ದಾಯಿತು.

ಮಾವ ಮಾಡಿದ ಉಂಗುರವನ್ನು ಎತ್ತಿಕೊಂಡು ಮೇಲಿನ ಕಿವಿಯ ಸಂದಿಗೆ ಇಟ್ಟೆ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಡಬ್ಬದಿಂದ ಬೇರೊಂದು ಉದ್ದ ಬೋಲ್ಟು ತೆಗೆದು ಬಿಗಿದೆ.

*

ನಾಲ್ವರೂ ಗೋಡೆಯಾಚೆ ನಿಂತರು. ಬೇಕರಿಯವರ ತೋಳಿಗೆ ಇನ್ನೂ ಹಿಟ್ಟು ಮೆತ್ತಿತ್ತು.

"ಬೇಗ ಕೂಗ್ಸಮ್ಮ," ಎಂದು ಆಚೆಯಿಂದಲೇ ಕೂಗಿದರು. "ಒಲೇಲಿ ಬ್ರೆಡ್ಡಿದೆ. ನಿಮ್ಮ ಗುಮ್ಮ ಏಳೋ ಹೊತ್ತಿಗೆ ನನ್ನ ಬ್ರೆಡ್ಡು ಇದ್ದಿಲಾಗಿರುತ್ತೆ."

ಇನ್ಸ್‌ಪೆಕ್ಟರ್ ಅಂಗಡಿಯೊಳಗೆ ನನ್ನ ಎದುರಿಗೇ ನಿಂತರು. ಮಾವ ಮೂಲೆಯಲ್ಲಿ ಗೋಡೆಗೆ ಒರಗಿದ್ದ.

ಗರಗಸವನ್ನು ನೆಲಕ್ಕಿಟ್ಟು ಹಿಡಿಕೆಯನ್ನು ಕಾಲಿನಲ್ಲಿ ಒತ್ತಿದೆ. ಎಡಗೈಯ ಮುಷ್ಟಿಯಲ್ಲಿ ಮಸಿ ಹಿಡಿದ ಬೋಲ್ಟು ಹಾಗೇ ಇತ್ತು. ಇದು ಕೂಗಿದ ಮರುಗಳಿಗೆ ಆ ಮುಷ್ಟಿಯನ್ನು ಇನ್ಸ್‌ಪೆಕ್ಟರ್ ಎದುರಿಗೆ ಬಿಚ್ಚಬೇಕು. ತೀರ್ಮಾನ ಮಾಡಿಯಾಗಿತ್ತು. ಬಲಗೈಯಲ್ಲಿ ಸ್ಟಾರ್ಟರಿನ ಹಗ್ಗ ಹಿಡಿದೆ.

"ಎಳೀತೀನಿ ಸಾರ್."

"ಎಳಿ."

ನಾನು ಎಳೆಯಲಿಲ್ಲ.

ಎಳೆಯುವ ಮೊದಲೇ ಸದ್ದು ಬಂದಿತ್ತು.

ಗುಂ ಎಂದು, ಎದೆಯ ಗೂಡಿನಿಂದ. ಅಂಗಡಿಯ ತಗಡು ಅದುರಿತು. ನನ್ನ ಕಾಲ ಕೆಳಗಿನ ಗರಗಸ ತಣ್ಣಗೆ ಮಲಗಿತ್ತು. ಸದ್ದು ಹೊರಗಿನಿಂದ ಬರುತ್ತಿತ್ತು, ಬೀದಿಗಳಾಚೆಯಿಂದ, ಮಟಮಟ ಮಧ್ಯಾಹ್ನದಲ್ಲಿ, ಯಾರಿಗೂ ಹೆದರದೆ. ಗುಂ ಎನ್ನುವುದರ ಬೆನ್ನಿಗೇ ಸುಂಯ್.

"ಅದೇ!" ಗೋಡೆಯಾಚೆ ಬೇಕರಿಯವರು ಕಿರುಚಿದರು. "ಅದೇ ಸಾರ್, ಅದೇ! ನೆಗಡಿ!"

ಇನ್ಸ್‌ಪೆಕ್ಟರ್ ನನ್ನ ಗರಗಸ ನೋಡಿದರು. ನನ್ನ ಕೈಯಲ್ಲಿ ಇನ್ನೂ ಎಳೆಯದ ಹಗ್ಗ ನೋಡಿದರು. "ಅಪ್ಪಂದು ಸ್ಟೇಷನ್ನಲ್ಲಿದೆ," ಎಂದರು ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ. "ಇದು ಇಲ್ಲಿದೆ. ಹಾಗಾದ್ರೆ ಅದು ಯಾವುದು?" ಮರುಕ್ಷಣ ಜೀಪಿನ ಕಡೆ ಓಡಿದರು.

ಸದ್ದು ನಿಲ್ಲಲಿಲ್ಲ. ಇಡೀ ಊರಿಗೆ ಕೇಳುವ ಹಾಗೆ ಏರುತ್ತಾ ಹೋಯಿತು. ನಮ್ಮ ಮನೆಯ ದಿಕ್ಕಿನಿಂದ.

ಮೂಲೆಯಲ್ಲಿ ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

"ಹೇಳಿದ್ದೆ," ಎಂದ. "ಅಕ್ಕನಿಗೆ ಹೇಳಿದ್ದೆ, ಅದನ್ನ ಇನ್ನೊಂದು ಸಲ ಎಳೀಬೇಡ ಅಂತ."

ಬಿರುಕು ಬಿಟ್ಟ ಲೋಟವನ್ನು ಕಿವಿಯ ಹತ್ತಿರ ಹಿಡಿದು ಮೀಟಿದ ಉಗುರು ಕಣ್ಣ ಮುಂದೆ ಬಂತು. ಮುಷ್ಟಿಯೊಳಗಿನ ಬೋಲ್ಟು ಅಂಗೈಯನ್ನು ಒತ್ತಿತು.

ಮಾವನಿಗೆ ಇರುವುದು ಒಬ್ಬಳೇ ಅಕ್ಕ.